ದಾಖಲ್, ಖಾರಿಜ್

ಕಲಬುರಗಿ
ಜೂನ್ 2025

ಚಿ. ತಂಗೆವ್ವಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಫೋನು ಬಂದು ನಾಲ್ಕು ದಿನ ಆಯಿತು. ನಾನು ಸರಿಯಾಗಿ ಮಾತಾಡಲಿಲ್ಲ ಅಂತ ನಿನ್ನ ದೊಡ್ಡವ್ವ ಇನ್ನೂ ಬೈಯುತ್ತಿದ್ದಾಳೆ. ಕಿವಿ ಮಂದ ಆಗಿದೆ, ಅದೂ ನಿಜ. ಆದರೆ ನೀನು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದೆ. ಒಂದು, ಸ್ಮರಣ ಸಂಚಿಕೆಗೆ ಸಾಲಿಯ ಇತಿಹಾಸ ಎರಡು ಪುಟ ಬರೆದುಕೊಡಿ ಅಂತ. ಇನ್ನೊಂದು, ಈ ಸಲ ವರ್ಗಾವಣೆಗೆ ಅರ್ಜಿ ಹಾಕುತ್ತೇನೆ, ಸಾಕಾಯಿತು ಅಂತ. ಫೋನು ಇಟ್ಟ ಮೇಲೆ ಯೋಚಿಸಿದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ನಿನ್ನ ಆಫೀಸಿನ ಅಲಮಾರಿಯಲ್ಲಿ. ಅದನ್ನು ಫೋನಿನಲ್ಲಿ ಹೇಳಲು ಆಗಲ್ಲ. ಹೀಗಾಗಿ ಕಾಗದ.

ಇನ್‌ಚಾರ್ಜ್ ಹೆಡ್‌ಮಾಸ್ತರಿಕೆ ನಿನ್ನ ಕೊರಳಿಗೆ ಬಿದ್ದಿದೆಯಲ್ಲ, ಅಲಮಾರಿಯ ಕೀಲಿಕೈ ನಿನ್ನ ಹತ್ತಿರವೇ ಇರಬೇಕು. ಕೆಳಗಿನ ಖಾನೆ ತೆಗೆ. ಹಳೆಯ ಕ್ಯಾಶ್‌ಬುಕ್ಕುಗಳ ಹಿಂದೆ ಕೆಂಪು ಬಟ್ಟೆಯ ಒಂದು ಬಸ್ತಾ ಇದೆ. ಗಂಟು ಬಿಚ್ಚುವಾಗ ಮೂಗಿಗೆ ಸೆರಗು ಹಿಡಿ, ಧೂಳು ಜಾಸ್ತಿ. ಒಳಗೆ ಮೂರು ದಪ್ಪ ಪುಸ್ತಕ ಇವೆ. ನೀವು ಈಗ ಅಡ್ಮಿಷನ್ ರಿಜಿಸ್ಟರ್ ಅನ್ನುತ್ತೀರಿ. ನಮ್ಮ ಕಾಲದ ಕ್ಲರ್ಕು ಅದನ್ನು ದಾಖಲ್ ಖಾರಿಜ್ ಅಂತಲೇ ಕರೆಯುತ್ತಿದ್ದ. ದಾಖಲ್ ಅಂದರೆ ಒಳಗೆ ಬಂದವರು. ಖಾರಿಜ್ ಅಂದರೆ ಹೊರಗೆ ಹೋದವರು. ಸಾಲಿಯ ಇತಿಹಾಸ ಅಂತ ಒಂದಿದ್ದರೆ ಅದು ಇಷ್ಟೇ.

ಮೊದಲನೆಯ ಪುಸ್ತಕ ತೆರೆದಾಗ ಕನ್ನಡ ಕಂಡಿತು ಅಂತ ಅಲ್ಲಿಂದಲೇ ಶುರು ಮಾಡಬೇಡ, ಹಳೆಯ ಭಾಗ ಆ ಕೊನೆಯಿಂದ ಇದೆ. ಅದು ಉರ್ದು. ಬಲದಿಂದ ಎಡಕ್ಕೆ ಹೋಗುತ್ತದೆ. ತಿರುಗಿಸಿ ಹಿಡಿ.

ಈ ಊರಿನ ಸಾಲಿ ಹುಟ್ಟಿದಾಗ ಹೈಸ್ಕೂಲು ಆಗಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಮೂರು ಮೆಟ್ಟಿಲು ಇದ್ದವು. ಕೆಳಗಿನದು ತಹತಾನಿಯಾ, ನಡುವಿನದು ವಸ್ತಾನಿಯಾ, ಮೇಲಿನದು ಫೌಕಾನಿಯಾ. ನಮ್ಮದು ವಸ್ತಾನಿಯಾ, ಅಂದರೆ ಮಿಡಲ್ ಸ್ಕೂಲು. ಮುಂದೆ ಓದಬೇಕಾದವರು ಕಲಬುರಗಿಗೆ ಹೋಗಬೇಕಿತ್ತು. ಅದಕ್ಕೂ ಮುಂದೆ ಹೈದರಾಬಾದ್. ಅಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ಯೂನಿವರ್ಸಿಟಿಯಲ್ಲಿ ವಿಜ್ಞಾನವೂ ಉರ್ದುವಿನಲ್ಲೇ. ಇಂಗ್ಲಿಷ್ ಬಿಟ್ಟು ನಮ್ಮ ದೇಶದ ಒಂದು ಭಾಷೆಯಲ್ಲಿ ದೊಡ್ಡ ಓದು ನಡೆಸಿದರು, ಅದು ಸಣ್ಣ ಮಾತಲ್ಲ. ನನಗೆ ಅದರ ಮೇಲೆ ಗೌರವ ಇದೆ. ಆದರೆ ಕಾಗಿಣಾ ದಂಡೆಯ ಹುಡುಗನಿಗೆ ಅದು ಮನೆಯ ಭಾಷೆ ಆಗಿರಲಿಲ್ಲ. ಮಳಖೇಡ ನಮ್ಮೂರಿನಿಂದ ಎಷ್ಟು ದೂರ? ಎತ್ತಿನ ಬಂಡಿಯಲ್ಲಿ ಹೊರಟರೂ ಅದೇ ದಿನ ಮುಟ್ಟಬಹುದು. ರಾಷ್ಟ್ರಕೂಟರು ಅಲ್ಲಿ ಕೂತು ಕನ್ನಡದಲ್ಲಿ ಕಾವ್ಯ ಹೇಗೆ ಬರೆಯಬೇಕು ಅಂತ ಬರೆಸಿದ್ದರು. ಅದೇ ನೆಲದಲ್ಲಿ ಸಾವಿರ ವರ್ಷದ ಮೇಲೆ ಕನ್ನಡದಲ್ಲಿ ಗಣಿತ ಕೇಳುವುದಕ್ಕೆ ಸಾಲಿ ಇರಲಿಲ್ಲ.

ಕನ್ನಡ ಎಲ್ಲೂ ಇರಲಿಲ್ಲ ಅಂತ ಮಾತ್ರ ಸಂಚಿಕೆಯಲ್ಲಿ ಬರೆಯಬೇಡ. ಅಷ್ಟು ಸಲೀಸಲ್ಲ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಶುರುವಾಗಿತ್ತು, ಊರಿನ ಜನರೇ ಕೂಡಿ ಕಟ್ಟಿದ್ದು. ಭಾಲ್ಕಿಯ ಕಡೆ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಬೀದರ್ ಜಿಲ್ಲೆಯಲ್ಲಿ ಈ ಮಾತು ಇವತ್ತಿಗೂ ಮನೆಮನೆಯಲ್ಲಿದೆ. ನಮ್ಮೂರಿನಲ್ಲಿ ಅಂಥವರು ಯಾರೂ ಇರಲಿಲ್ಲ. ನಮ್ಮಲ್ಲಿ ಬೋರ್ಡೂ ಉರ್ದು, ಒಳಗೂ ಉರ್ದು.

ಈಗ ಫಸಲಿ 1352ರ ಪುಟ ಹುಡುಕು. ಫಸಲಿ ಅಂದರೆ ಆಗಿನ ಸರ್ಕಾರಿ ವರ್ಷ. ಅಕ್ಟೋಬರ್‌ನಲ್ಲಿ ಶುರು. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ಜನವರಿ ದಾಟಿದ್ದರೆ 591. ಅಂದರೆ ಅದು 1942-43. ಅಲ್ಲಿ ಎಡಗಡೆಯ ಅಂಚಿನಲ್ಲಿ ಎಣ್ಣೆ ಬಿದ್ದ ಕಲೆ ಇದೆ. ಅದರ ಪಕ್ಕದ ಸಾಲು ನಿನ್ನ ಮುತ್ಯಾನದು, ಅಂದರೆ ನನ್ನ ಅಪ್ಪನದು. ಹೆಸರು, ತಂದೆಯ ಹೆಸರು, ಕಸಬು ಅಂತ ಇರುವ ಕಡೆ ಒಕ್ಕಲುತನ. ವಯಸ್ಸು 10. ನಿನಗೆ ಓದಲು ಬರಲ್ಲ, ಗೊತ್ತು. ಸುಮ್ನೆ ಬೆರಳಿಟ್ಟು ನೋಡು. ಬರೆದವರ ಕೈಬರಹ ಎಷ್ಟು ಚೆಂದ ಇದೆ! ಬೋರು ಕಲಮು, ಅಂದರೆ ಜೊಂಡಿನ ಲೇಖನಿ ಅದ್ದಿ ಬರೆದದ್ದು. ಎಂಬತ್ತು ವರ್ಷ ದಾಟಿದರೂ ಶಾಯಿ ಮಾಸಿಲ್ಲ.

ಮುತ್ಯಾ ಸಾಯುವವರೆಗೂ ಸಹಿ ಉರ್ದುವಿನಲ್ಲೇ ಹಾಕುತ್ತಿದ್ದ, ನಿನಗೆ ನೆನಪಿರಬಹುದು. ಪೆನ್ಷನ್ನು ಅಂತ ಏನೂ ಇರಲಿಲ್ಲ, ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತಿದ್ದ ಮನುಷ್ಯ. ತೊಗರಿ ಚೀಲದ ಲೆಕ್ಕವನ್ನು ಬಾಯಲ್ಲಿ ಕನ್ನಡದಲ್ಲಿ ಹೇಳಿಕೊಳ್ಳುತ್ತ ಕೈಯಲ್ಲಿ ಉರ್ದು ಅಂಕಿ ಬರೆಯುತ್ತಿದ್ದ. ನನಗೂ ಉರ್ದು ಅಕ್ಷರ ಬಂದದ್ದು ಆತನ ಪಕ್ಕ ಕೂತು. ಯಾಕಪ್ಪಾ ಮೆಟ್ರಿಕ್ ಮಾಡಲಿಲ್ಲ ಅಂತ ಕೇಳಿದರೆ ನಗುತ್ತಿದ್ದ. ಉತ್ತರ ರಿಜಿಸ್ಟರಿನಲ್ಲಿದೆ. ಅದೇ ಸಾಲಿನ ಕೊನೆಗೆ ಖಾರಿಜ್ ಅಂಕಣ ನೋಡು. ಫಸಲಿ 1357. ಕಾರಣ ಅಂತ ಇರುವಲ್ಲಿ ಒಂದೇ ಶಬ್ದ, ಗೈರುಹಾಜರ್.

1357 ಅಂದರೆ 1947ರ ಅಕ್ಟೋಬರ್‌ನಿಂದ 1948ರ ಸೆಪ್ಟೆಂಬರ್. ರಜಾಕಾರರ ವರ್ಷ, ನಿಜಾಮರ ಪರವಾಗಿ ಹಳ್ಳಿಗಳ ಮೇಲೆ ಬೀಳುತ್ತಿದ್ದ ದಂಡು ಅದು. ನಮ್ಮ ಮನೆಯವರು ರಾತ್ರೋರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಆ ಪುಟದಲ್ಲಿ ಗೈರುಹಾಜರ್ ಅಂತ ಇರುವುದು ಮುತ್ಯಾ ಒಬ್ಬನೇ ಅಲ್ಲ. ಎಣಿಸಿ ನೋಡು, ಮುಕ್ಕಾಲು ಪುಟ.

ಇನ್ನು ನಿನಗೆ ತೋರಿಸಬೇಕಾದ ಮುಖ್ಯ ಜಾಗ. ಭಾರತದ ಸೈನ್ಯ ಬಂತು, ಪೊಲೀಸ್ ಆಕ್ಷನ್ ಅನ್ನುತ್ತಾರೆ, ಅದು ಮುಗಿದು 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಹೋಯಿತು. ಸಾಲಿ ಮತ್ತೆ ತೆರೆಯಿತು. ಹೊಸ ರಿಜಿಸ್ಟರಿಗೆ ದುಡ್ಡಿರಲಿಲ್ಲವೋ, ಕಾಗದ ಸಿಗಲಿಲ್ಲವೋ ಗೊತ್ತಿಲ್ಲ, ಹೊಸದಾಗಿ ಬಂದ ಮಾಸ್ತರರು ಅದೇ ಪುಸ್ತಕವನ್ನು ಈ ಕಡೆಯಿಂದ ತಿರುಗಿಸಿ ಕನ್ನಡದಲ್ಲಿ ಬರೆಯಲು ಶುರು ಮಾಡಿದರು. ಹೀಗಾಗಿ ಆ ಒಂದು ಪುಸ್ತಕದಲ್ಲಿ ಉರ್ದು ಆ ಕಡೆಯಿಂದ ಬರುತ್ತದೆ, ಕನ್ನಡ ಈ ಕಡೆಯಿಂದ ಹೋಗುತ್ತದೆ. ನಡುವೆ ಹನ್ನೊಂದು ಪುಟ ಖಾಲಿ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ನಾನು ನೌಕರಿಯಲ್ಲಿದ್ದಾಗ ಸಂಜೆ ಹೊತ್ತು ಒಬ್ಬನೇ ಇದ್ದರೆ ಆ ಖಾಲಿ ಪುಟಗಳನ್ನು ತೆರೆದು ಕೂರುತ್ತಿದ್ದೆ. ಬಂದವರಲ್ಲಿ ಮನೆಯವರ ಹೆಸರು ಹುಡುಕಬಹುದು. ಆ ಚೆಂದದ ಅಕ್ಷರದ ಮಾಸ್ತರರು ಎಲ್ಲಿಗೆ ಹೋದರು ಅಂತ ಯಾವ ಅಂಕಣದಲ್ಲೂ ಇಲ್ಲ. ಮಾಸ್ತರರಿಗೆ ಖಾರಿಜ್ ಬರೆಯುವ ಪದ್ಧತಿ ಇಲ್ಲವಲ್ಲ.

ಸಂಚಿಕೆಗೆ ಒಂದೇ ಒಂದು ಫೋಟೋ ಹಾಕುವುದಿದ್ದರೆ ಆ ಜಾಗದ್ದು ಹಾಕು. ಉದ್ಘಾಟನೆಯ ಫೋಟೋ, ಶಾಲು ಹೊದಿಸುವ ಫೋಟೋ ಎಲ್ಲ ಸಂಚಿಕೆಯಲ್ಲೂ ಇರುತ್ತವೆ.

ಆಮೇಲಿನದು ನನಗೆ ಗೊತ್ತಿರುವ ಸಾಲಿ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮಿಡಲ್ ಸ್ಕೂಲು ಹೈಸ್ಕೂಲು ಆಯಿತು. ನಮಗೆ ಕಲಿಸಿದವರಲ್ಲಿ ಅರ್ಧ ಜನ ಧಾರವಾಡ, ಬಿಜಾಪುರ ಕಡೆಯವರು. ಬಿಳಿ ಧೋತರ, ಕರಿ ಟೋಪಿ, ಸೈಕಲ್ಲು. ಅವರು ಶಾಲೆ ಅನ್ನುವರು, ನಾವು ಸಾಲಿ ಅನ್ನುವವರು. ಉರ್ದು ಹೋಯಿತು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಮಾಸ್ತರರು ಬೆಳಿಗ್ಗೆ ಕೂಗುತ್ತಿದ್ದದ್ದು ಹಾಜರಿ. ಕೊಡುತ್ತಿದ್ದದ್ದು ರಜಾ. ಬರೆಯುತ್ತಿದ್ದದ್ದು ಕಾಗದದ ಮೇಲೆ, ಶಾಯಿಯಲ್ಲಿ. ಇವೆಲ್ಲ ಎಲ್ಲಿಂದ ಬಂದ ಶಬ್ದ ಅಂತ ಮುತ್ಯಾ ಕೇಳಿ ನಗುತ್ತಿದ್ದ.

ಕಟ್ಟಡದ ಬಗ್ಗೆ ಜಾಸ್ತಿ ಬರೆಯಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಕಲ್ಲಿನ ಗೋಡೆ, ಶಹಾಬಾದ್ ಫರ್ಸಿ, ಮುಂದೆ ಬೇವಿನ ಮರ. ಮುಗಿಯಿತು.

ಬರೆಯುವುದಿದ್ದರೆ ಜೂನ್ 1ರ ಬಗ್ಗೆ ಬರೆ. ಎರಡನೆಯ ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖಿನ ಅಂಕಣ ಮೇಲಿನಿಂದ ಕೆಳಗೆ ನೋಡುತ್ತ ಹೋಗು. 1-6, 1-6, 1-6. ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದ್ದಾರೆ! ಆಗ ಒಂದನೆಯ ಕ್ಲಾಸಿನಿಂದ ಹತ್ತರ ತನಕ ಒಂದೇ ಕಾಂಪೌಂಡು, ಸಣ್ಣ ಮಕ್ಕಳ ದಾಖಲೆಯೂ ಇದರಲ್ಲೇ. ಅಪ್ಪ ಮಗನ ಕೈ ಹಿಡಿದು ತಂದು ನಿಲ್ಲಿಸುತ್ತಿದ್ದ. "ಯಾವಾಗ ಹುಟ್ಟ್ಯಾನಪ್ಪಾ?" "ಹೊಳಿ ಬಂದು ಜ್ವಾಳ ಹೋದ ವರ್ಷರಿ." ಅದನ್ನು ಅಂಕಣದಲ್ಲಿ ಬರೆಯಲು ಆಗಲ್ಲ. ಆಗ ಮಾಸ್ತರರು ಹುಡುಗನಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿ ಅನ್ನುವರು. ಬೆರಳು ಕಿವಿ ಮುಟ್ಟಿದರೆ ಸಾಲಿಗೆ ಲಾಯಕ್ಕು. ಆರು ವರ್ಷ ಹಿಂದೆ ಎಣಿಸಿ 1-6 ಅಂತ ಬರೆದು ಮುಗಿಸುವರು. ನಂದೂ ಜೂನ್ 1. ನಿನ್ನ ಅಪ್ಪಂದೂ. ನಮ್ಮವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ಎಳ್ಳ ಅಮಾಸಿ ಮುಂದೆ. ಆರು ತಿಂಗಳ ಸಂಬಳ ಲಾಭವೋ ನಷ್ಟವೋ ಇವತ್ತಿಗೂ ಲೆಕ್ಕ ಹತ್ತಿಲ್ಲ.

ಇದನ್ನು ನಗುವುದಕ್ಕೆ ಹೇಳಿಲ್ಲ. ಆ ಪುಸ್ತಕ ಹುಡುಕಿಕೊಂಡು ಮುದುಕರು ಬರುತ್ತಾರೆ. ವೃದ್ಧಾಪ್ಯ ವೇತನಕ್ಕೆ ವಯಸ್ಸಿನ ದಾಖಲೆ ಬೇಕು, ಮೊಮ್ಮಗನಿಗೆ ಜಾತಿ ಸರ್ಟಿಫಿಕೇಟ್ ಬೇಕು. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಬಂದ ಮೇಲೆ ಇನ್ನೂ ಜಾಸ್ತಿ ಆಗಿದ್ದಾರೆ. 2012ರಲ್ಲಿ ಸಂವಿಧಾನ ತಿದ್ದುಪಡಿ ಆಯಿತು, ಮರುವರ್ಷ ಜಾರಿಗೆ ಬಂತು, ನೀನು ನೌಕರಿ ಹಿಡಿದದ್ದೂ ಅದರಿಂದಲೇ ಅಲ್ವಾ. ಅವರು ಬಂದಾಗ ನಾಳೆ ಬಾ ಅನ್ನಬೇಡ. ಲಂಬಾಣಿ ತಾಂಡಾದಿಂದ ಬರುವ ಮುದುಕಿಗೆ ನಾಳೆ ಅಂದರೆ ಒಂದು ದಿನದ ಕೂಲಿ. ಬಸ್ಸಿನ ಟಿಕೆಟ್ ಪುಕ್ಕಟೆ ಇದ್ದರೂ ದಿನ ಪುಕ್ಕಟೆ ಬರಲ್ಲ. ಕ್ಲರ್ಕು ರಜೆ ಇದ್ದರೆ ನೀನೇ ಹುಡುಕಿ ಕೊಡು.

ಈಗ ಎಸ್ಸೆಸ್ಸೆಲ್ಸಿ ರಿಸಲ್ಟಿನ ಮಾತಿಗೆ ಬರುತ್ತೇನೆ. ನಿನಗೆ ನೋವಾಗಿರುವುದು ಅಲ್ಲೇ.

ಮೇ ತಿಂಗಳಲ್ಲಿ ಪೇಪರು ನಾನೂ ನೋಡಿದೆ. ದಕ್ಷಿಣ ಕನ್ನಡ 91.12, ಕಲಬುರಗಿ 42.43, ರಾಜ್ಯಕ್ಕೇ ಕೊನೆ. ಹೋದ ವರ್ಷ ಕೊನೆಯ ಮಣೆ ಯಾದಗಿರಿಗೆ, 50.59. ನಾವೂ ಅವರೂ ಆ ಮಣೆಯನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡು ಕೂತಿದ್ದೇವೆ. ನಿನ್ನ ಸಾಲಿಯಲ್ಲಿ ಜಿಲ್ಲೆಗಿಂತ ಕಡಿಮೆ ಬಂತು, ಮೇಲಿನವರಿಂದ ನೋಟಿಸ್ ಬಂತು, ಮೀಟಿಂಗಿನಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿದರು ಅಂದೆ. "ನಿಮ್ಮ ಕಾಲದಾಗ 90 ಬರತಿತ್ತಂತ ದೊಡ್ಡಪ್ಪ, ನನ್ನ ಕಾಲದಾಗೇ ಹಿಂಗ್ಯಾಕ" ಅಂತ ಅತ್ತೆ. ಫೋನಿನಲ್ಲಿ ನಾನು ಸುಮ್ಮನಾದದ್ದು ಅಲ್ಲಿ. ಕಿವಿ ಕೇಳದೆ ಅಲ್ಲ.

ನಿನ್ನ ಖುರ್ಚಿಯ ಮೇಲೆ ಗೋಡೆ ಗಡಿಯಾರ ಇದೆಯಲ್ಲ, ಕಂದು ಕಟ್ಟಿಗೆಯದು? ಅದು ನಮ್ಮ ಸಾಲಿಗೆ ಒಂದು ವರ್ಷ ಒಳ್ಳೆಯ ರಿಸಲ್ಟಿಗೆ ಸಿಕ್ಕ ಬಹುಮಾನ. ಆ ರಿಸಲ್ಟು ಹೇಗೆ ಬಂತು ಅಂತ ಇವತ್ತು ನಿನಗೆ ಹೇಳುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಮ್ಮದೇ ಪರೀಕ್ಷಾ ಕೇಂದ್ರ. ನಮ್ಮದೇ ಹುಡುಗರು. ಕಿಟಕಿಗೆ ಸರಳು ಇತ್ತು, ಬಾಗಿಲು ಇರಲಿಲ್ಲ. ಹೊರಗೆ ಅಣ್ಣಂದಿರು, ಕಾಕಂದಿರು ಗೋಡೆಗೆ ಹತ್ತಿಕೊಂಡು ನಿಂತಿರುತ್ತಿದ್ದರು. ಪ್ರಶ್ನೆಪತ್ರಿಕೆ ಕೊಟ್ಟ ಅರ್ಧ ತಾಸಿಗೆ ಚೀಟಿ ಬೀಳಲು ಶುರು. ಕಲ್ಲಿಗೆ ಸುತ್ತಿ ಎಸೆಯುವರು. ನನ್ನ ಡ್ಯೂಟಿ ಇದ್ದ ಕೋಣೆಯಲ್ಲಿ ನಾನು ಬಾಗಿಲ ಕಡೆ ಖುರ್ಚಿ ತಿರುಗಿಸಿ ಹಾಕಿಕೊಂಡು ಕೂತೆ. ಸ್ಕ್ವಾಡ್ ಬಂದರೆ ಮೊದಲು ನನಗೆ ಕಾಣಲಿ ಅಂತ. ವಿಜ್ಞಾನದ ಪೇಪರಿನ ದಿನ ಸಂಜೆ ಚಪರಾಸಿ ಕೋಣೆ ಗುಡಿಸಿದರೆ ಒಂದು ಬುಟ್ಟಿ ಚೀಟಿ ಸಿಕ್ಕವು. ಆತ ಅವನ್ನು ಒಲೆಗೆ ಹಾಕಿ ನಮಗೇ ಚಹಾ ಮಾಡಿಕೊಟ್ಟ. ಕುಡಿದೆವು.

ನಾನು ಒಂದು ಚೀಟಿಯನ್ನೂ ಕೊಡಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಖುರ್ಚಿ ತಿರುಗಿಸಿದ್ದು ಸಾಲದೇ?

ಆ ಬ್ಯಾಚಿನ ಒಬ್ಬ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಅಪ್ಪ ಎರಡು ಎಕರೆ ಒತ್ತಿ ಹಾಕಿ ಮಗನನ್ನು ಸಿಟಿಯಲ್ಲಿ ಪಿಯುಸಿ ಸೈನ್ಸಿಗೆ ಹಾಕಿದ. ಒಂದು ವರ್ಷಕ್ಕೆ ಹುಡುಗ ತಿರುಗಿ ಬಂದ. ಹೊಲವೂ ಹೋಯಿತು. ಎಷ್ಟೋ ವರ್ಷದ ಮೇಲೆ ಬ್ಯಾಂಕಿನಲ್ಲಿ ಸಿಕ್ಕ. "ಸರ್, ಇದೊಂದು ತುಂಬಿಕೊಡ್ರಿ" ಅಂತ ದುಡ್ಡು ಕಟ್ಟುವ ಚೀಟಿ ಮುಂದೆ ಹಿಡಿದ. ಬೈಯಲಿಲ್ಲ, ಏನೂ ಅನ್ನಲಿಲ್ಲ. ಕೈ ಮುಗಿದು ಹೋದ. ನಾನು ಆ ದಿನ ನನ್ನ ಪೆನ್ಷನ್ ತೆಗೆಯದೆ ಮನೆಗೆ ಬಂದೆ.

2024ರಿಂದ ಕೋಣೆಗೆ ಕ್ಯಾಮರಾ ಬಂದಿದೆ, ವೆಬ್‌ಕಾಸ್ಟಿಂಗ್ ಅನ್ನುತ್ತೀರಿ. 2023ರಲ್ಲಿ ರಾಜ್ಯಕ್ಕೆ 83.89 ಇದ್ದದ್ದು 2024ರಲ್ಲಿ ಕೃಪಾಂಕ ಹೆಚ್ಚು ಮಾಡಿದ ಮೇಲೂ 73.40ಕ್ಕೆ ಬಂತು. ಮಕ್ಕಳು ಒಂದೇ ವರ್ಷಕ್ಕೆ ದಡ್ಡರಾದರಾ? ಇಲ್ಲವಲ್ಲ. ನಿನ್ನ ಸಾಲಿಯ ಈ ಸಲದ ಅಂಕಿ ಚಿಕ್ಕದು. ಆದರೆ ಅಲ್ಲಿ ಪಾಸಾದ ಹುಡುಗಿ ನಿಜವಾಗಿ ಪಾಸಾಗಿದ್ದಾಳೆ. ನಮ್ಮ ಗಡಿಯಾರದ ವರ್ಷದ ಬಗ್ಗೆ ನಾನು ಆ ಮಾತು ಹೇಳಲಾರೆ. ನನ್ನ 90ಕ್ಕೆ ಹೋಲಿಸಿ ನೀನು ಅಳುವುದು ನನಗೆ ನಾಚಿಕೆ.

ಹಾಗಂತ ಚಿಕ್ಕ ಅಂಕಿಯನ್ನು ಎತ್ತಿ ಮೆರೆಸಬೇಡ. ನೂರರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಫೇಲು ಅಂದರೆ ಊರು ಸುಮ್ನೆ ಕೂರುವ ಮಾತಲ್ಲ. ಆದರೆ ಕಾರಣವನ್ನು ಹತ್ತನೇ ಕ್ಲಾಸಿನಲ್ಲಿ ಹುಡುಕಬೇಡ. ಮಾರ್ಚಿನಲ್ಲಿ ರಾತ್ರಿ ಕ್ಲಾಸು ಇಟ್ಟು, ಪಾಸಿಂಗ್ ಪ್ಯಾಕೇಜು ಕೊಟ್ಟು ಏನಾದೀತು? ಈ ವಾರ ಎಂಟನೆಯ ಕ್ಲಾಸಿಗೆ ಹೊಸ ಮಕ್ಕಳು ಬಂದಿದ್ದಾರಲ್ಲ, ಒಬ್ಬೊಬ್ಬರನ್ನೇ ಕರೆದು ಕನ್ನಡ ಪುಸ್ತಕದ ಒಂದು ಪುಟ ಓದಿಸು. ತಡವರಿಸುವವರು ಎಷ್ಟು ಜನ ಅಂತ ನಿನಗೇ ಗೊತ್ತಾಗುತ್ತದೆ. ಓದಲು ಬರದ ಹುಡುಗನಿಗೆ ವಿಜ್ಞಾನ, ಸಮಾಜ, ಗಣಿತ ಎಲ್ಲವೂ ಒಂದೇ ಗೋಡೆ. ಮೊದಲ ಮೂರು ತಿಂಗಳು ಎಂಟನೆಯ ಕ್ಲಾಸಿಗೆ ಓದುವುದನ್ನಷ್ಟೇ ಕಲಿಸಿದರೂ ನಷ್ಟ ಇಲ್ಲ. ಸಿಲೆಬಸ್ ಹಿಂದೆ ಬಿತ್ತು ಅಂತ ಇನ್ನೊಂದು ನೋಟಿಸ್ ಬಂದರೆ ಬರಲಿ, ಬಸ್ತಾದಲ್ಲಿ ಜಾಗ ಇದೆ.

ಅವರು ಮನೆಯಲ್ಲಿ ಏನು ಮಾತಾಡುತ್ತಾರೆ ಅಂತಲೂ ಕೇಳಿಕೋ. ತಾಂಡಾದ ಮಕ್ಕಳದು ಲಂಬಾಣಿ. ಪೇಟೆಯ ಕೆಲವರದು ಉರ್ದು. ಗಡಿ ಕಡೆಯ ಹಳ್ಳಿಯವರದು ತೆಲುಗು. ಕನ್ನಡದ ಮಕ್ಕಳಿಗೂ ಪುಸ್ತಕದ ಕನ್ನಡ ನೆಂಟರ ಮನೆಯ ಕನ್ನಡ. ಒಮ್ಮೆ ಒಬ್ಬ ಹುಡುಗ ಉತ್ತರದಲ್ಲಿ "ನಮ್ಮ ಕಡೆ ಜ್ವಾಳ, ತೊಗರಿ ಬೆಳೀತಾರ" ಅಂತ ಬರೆದಿದ್ದ. ಉತ್ತರ ಸರಿ. ನಾನು ಜ್ವಾಳಕ್ಕೆ ಕೆಂಪು ಗೆರೆ ಎಳೆದು ಅರ್ಧ ಅಂಕ ಕಡಿದೆ. ಅವನು ಆಮೇಲೆ ಉತ್ತರ ಬರೆಯುವುದನ್ನೇ ಬಿಟ್ಟ, ಬಿಟ್ಟ ಸ್ಥಳ ತುಂಬಿರಿ ಅಷ್ಟೇ ಬರೆಯುತ್ತಿದ್ದ. ಧಾರವಾಡದ ಮಾಸ್ತರರು ನನ್ನ ಸಾಲಿಯನ್ನು ಶಾಲೆ ಮಾಡಿದರು ಅಂತ ಸಿಟ್ಟಿದ್ದ ನಾನೇ ಆ ಗೆರೆ ಎಳೆದದ್ದು.

ಹಾಜರಿಯ ಬಗ್ಗೆ ಒಂದೆರಡು ಮಾತು. ದೀಪಾವಳಿ ಆದ ಮೇಲೆ ನಿನ್ನ ಕ್ಲಾಸುಗಳು ಖಾಲಿ ಆಗುತ್ತವೆ. ಅಪ್ಪ ಅವ್ವ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಗುಳೆ. ಕೆಲವರು ಮಕ್ಕಳನ್ನು ಜೊತೆಗೆ ಒಯ್ಯುತ್ತಾರೆ. ಉಳಿದವರು ಹತ್ತಿ ಬಿಡಿಸಲು, ಆಮೇಲೆ ತೊಗರಿ ರಾಶಿಗೆ. ಇದು ಗೈರುಹಾಜರ್ ಅಂತ ಒಂದು ಶಬ್ದದಲ್ಲಿ ಮುಗಿಯುವ ಮಾತಲ್ಲ. ಮುತ್ಯಾನ ಸಾಲಿನ ಮುಂದೆ ಆ ಶಬ್ದ ನೋಡಿದ್ದೀಯ, ಅದರ ಹಿಂದೆ ಏನಿತ್ತು ಅಂತ ಈಗ ನಿನಗೆ ಗೊತ್ತು. ದಸರೆಯ ಮುಂಚೆಯೇ ಮನೆಗಳಿಗೆ ಹೋಗು. ಮಗುವನ್ನು ಅಜ್ಜಿಯ ಹತ್ತಿರ ಬಿಡಿ, ಇಲ್ಲ ಹಾಸ್ಟೆಲಿಗೆ ಸೇರಿಸಿ ಅಂತ ಹೇಳು. ಬಂಡಿ ಹೂಡಿದ ಮೇಲೆ ಹೇಳಿದರೆ ಕೇಳಲ್ಲ. ಹತ್ತು ಮನೆಗೆ ಹೋದರೆ ಮೂರು ಮನೆ ಕೇಳುತ್ತದೆ. ನನ್ನ ಲೆಕ್ಕ ಅಷ್ಟೇ.

ಏನೂ ಬದಲಾಗಿಲ್ಲ ಅಂತಲೂ ಅಂದುಕೊಳ್ಳಬೇಡ. ನಾನು ಸೇರಿದ ಹೊಸದರಲ್ಲಿ ಮಧ್ಯಾಹ್ನ ಒಂದಕ್ಕೆ ಗಂಟೆ ಹೊಡೆದರೆ ಅರ್ಧ ಮಕ್ಕಳು ಬೋರಿಂಗಿನ ನೀರು ಕುಡಿದು ಬೇವಿನ ಮರದ ಕೆಳಗೆ ಮಲಗುವರು. ಬುತ್ತಿ ತಂದವರು ಗೋಡೆಯ ಹಿಂದೆ ಹೋಗಿ ತಿನ್ನುವರು, ಇಲ್ಲದವರು ನೋಡಬಾರದು ಅಂತ. ಎರಡಕ್ಕೆ ಹಾಜರಿ ತೆಗೆದರೆ ಕ್ಲಾಸು ಅರ್ಧ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ, ಅಂದರೆ ಮಧ್ಯಾಹ್ನದ ಬಿಸಿಯೂಟ, ರಾಜ್ಯದಲ್ಲೇ ಮೊದಲು ಶುರುವಾದದ್ದು ನಮ್ಮ ಬೀದರ್, ಕಲಬುರಗಿ ಸೇರಿ 7 ಜಿಲ್ಲೆಗಳಲ್ಲಿ. ಆಗ ಅದು ಸಣ್ಣ ಮಕ್ಕಳಿಗೆ ಮಾತ್ರ. ನಮ್ಮ ಹೈಸ್ಕೂಲು ಮಕ್ಕಳು ಕಾಂಪೌಂಡಿನ ಆಚೆ ಪ್ರೈಮರಿಯ ಸಾರಿನ ವಾಸನೆ ಕುಡಿಯುತ್ತ ನಿಲ್ಲುವರು. ಐದು ವರ್ಷ ಹಾಗೆ ನಿಂತರು. 2007ರಲ್ಲಿ ನಮಗೂ ಬಂತು. ಮಧ್ಯಾಹ್ನದ ಹಾಜರಿ ತುಂಬಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಂಟನೆಯ ಕ್ಲಾಸಿನ ಹುಡುಗಿಯರಿಗೆ ಸೈಕಲ್ಲು ಬಂದದ್ದೂ ಅದರ ಆಸುಪಾಸಿನಲ್ಲೇ. ಮೂರನೆಯ ರಿಜಿಸ್ಟರಿನಲ್ಲಿ ಆ ವರ್ಷಗಳ ಪುಟ ತೆಗೆ. ಹುಡುಗಿಯರ ಹೆಸರು ಒಂದರ ಕೆಳಗೆ ಒಂದು ಬರುತ್ತವೆ. ಮೊದಲ ರಿಜಿಸ್ಟರಿನ ಉರ್ದು ಪುಟಗಳಲ್ಲಿ ಒಂದೇ ಒಂದು ಹುಡುಗಿಯ ಹೆಸರು ಇಲ್ಲ.

ಹುಡುಗಿಯರ ಮಾತು ಬಂತು. ಅವರ ಶೌಚಾಲಯದ ಕೀಲಿಕೈ ಇನ್ನೂ ಆಫೀಸಿನ ಮೊಳೆಗೇ ತೂಗುತ್ತಿದೆಯಾ? ನಮ್ಮ ಕಾಲದಲ್ಲಿ ಹಾಗಿತ್ತು. ಹೊಲಸು ಮಾಡುತ್ತಾರೆ ಅಂತ ಬೀಗ. ಹದಿನಾಲ್ಕು ವರ್ಷದ ಹುಡುಗಿ ಏಳು ಜನ ಗಂಡಸರು ಕೂತ ಆಫೀಸಿಗೆ ಬಂದು ಕೀಲಿ ಕೇಳುತ್ತಾಳಾ? ಕೇಳಲ್ಲ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ. ನಮಗೆ ಅದು ಹೊಳೆಯಲೇ ಇಲ್ಲ. ಒಬ್ಬ ಟೀಚರಮ್ಮ ಬಂದು ಬೀಗ ಕಿತ್ತು ಬಿಸಾಡಿದ ಮೇಲೆ ಹೊಳೆಯಿತು. ಬೀಗ ಮತ್ತೆ ಬಂದಿದ್ದರೆ ನೀನೂ ಬಿಸಾಡು.

ಇನ್ನು ಬಸ್ಸು. ಪ್ರಾರ್ಥನೆ ಹತ್ತಕ್ಕೆ. ತಾಂಡಾದ ಕಡೆಯ ಬಸ್ಸು ಊರಿಗೆ ಮುಟ್ಟುವುದು ಹತ್ತು ಇಪ್ಪತ್ತಕ್ಕೆ. ಇಷ್ಟು ವರ್ಷ ಆ ಬಸ್ಸಿನ ಮಕ್ಕಳು ದಿನಾ ಗೇಟಿನ ಹೊರಗೆ ನಿಂತಿದ್ದಾರೆ. ಹೊತ್ತು ಮೀರಿ ಬಂದವರಿಗೆ ಶಿಕ್ಷೆ, ಕಸ ಆರಿಸುವುದು. ನಾನೂ ಆರಿಸಿದೆ, ಆಮೇಲೆ ಮಾಸ್ತರನಾಗಿ ಮಕ್ಕಳನ್ನು ಆರಿಸಲು ಹಚ್ಚಿದ್ದೇನೆ. ತಪ್ಪು ಬಸ್ಸಿನದು, ಬಗ್ಗಿದ್ದು ಮಕ್ಕಳ ಬೆನ್ನು. ಡಿಪೋಗೆ ಅರ್ಜಿ ಕೊಡು, ಸಾಲಿಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರನ್ನೂ ಕರೆದುಕೊಂಡು ಹೋಗು. ಬಸ್ಸು ಬೇಗ ಬರದಿದ್ದರೆ ಮೊದಲ ಪೀರಿಯಡ್ಡಿಗೆ ಗಣಿತ ಇಡಬೇಡ. ಇಷ್ಟು ಮಾಡಲು ಯಾರ ಪರ್ಮಿಷನ್ನೂ ಬೇಡ.

ವರ್ಗಾವಣೆ ಹಾಕಬೇಡ ಅಂತ ನಾನು ಹೇಳುತ್ತಿಲ್ಲ. ನಿನ್ನ ಮಗು ಸಣ್ಣದು, ದಿನಾ ಓಡಾಡುವ ಕಷ್ಟ ನನಗೆ ಗೊತ್ತು. ಗಂಡನ ಮನೆಯವರು ಏನು ಅನ್ನುತ್ತಾರೋ ಅದೂ ನೋಡಬೇಕು. ಹಾಕುವುದಿದ್ದರೆ ಮಗುವಿನ ಕಾರಣಕ್ಕೆ ಹಾಕು. 42ರ ಕಾರಣಕ್ಕೆ ಹಾಕಬೇಡ. ಅರ್ಜಿಯ ಕೊನೆಯ ದಿನ ಯಾವಾಗ ಅಂತ ಹೇಳಲಿಲ್ಲ ನೀನು. ಅದಕ್ಕೂ ಮುಂಚೆ ಬಸ್ತಾ ಬಿಚ್ಚು.

ಸಂಚಿಕೆಗೆ ಎರಡು ಪುಟ ನಾನು ಬರೆಯಲ್ಲ. ನೀನೇ ಬರೆ. ಗಡಿಯಾರದ ಸಂಗತಿ ಹಾಕಿದರೂ ನನ್ನ ತಕರಾರಿಲ್ಲ, ಹೆಸರು ಹಾಕಿದರೂ ಸರಿ. ಈ ವಯಸ್ಸಿನಲ್ಲಿ ನನಗೆ ಯಾರು ನೋಟಿಸ್ ಕೊಡುತ್ತಾರೆ? ಉರ್ದು ಪುಟ ಓದಿ ಹೇಳುವುದಕ್ಕೆ ಮಾತ್ರ ನಾನು ಬೇಕು. ಬರುವ ಶನಿವಾರ ಬರುತ್ತೇನೆ. ದೊಡ್ಡವ್ವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ, ನಿಮ್ಮ ಸ್ಟಾಫಿಗೂ ಆಗುವಷ್ಟು. ಕಾರು ಕಳಿಸುತ್ತೇನೆ ಅನ್ನಬೇಡ. ಶುಕ್ರವಾರ ನಿನ್ನ ಅತ್ತೆಯ ಊರಲ್ಲಿ ಉಳಿದು ಬೆಳಿಗ್ಗೆ ತಾಂಡಾದ ಬಸ್ಸಿಗೇ ಬರುತ್ತೇನೆ, ಮಕ್ಕಳ ಜೊತೆ. ಶನಿವಾರ ಬೆಳಗಿನ ಸಾಲಿ, ಆ ದಿನ ಬಸ್ಸು ಎಷ್ಟಕ್ಕೆ ಮುಟ್ಟುತ್ತದೋ ನೋಡೋಣ. ಗೇಟು ಹಾಕಿಸಬೇಡ.

ನಿನ್ನ ದೊಡ್ಡಪ್ಪ